ಆ ತುದಿಯಲ್ಲಿ ಯಾರಿದ್ದಾರೆ, ಕೇಳಿದ್ದೀರಾ?

ಮೆಟ್ರೊ ಬೋಗಿಯಲ್ಲಿ ಸಾಲಾಗಿ ಕೂತವರು, ಎಲ್ಲರ ಕತ್ತೂ ಮೊಬೈಲಿನ ಮೇಲೆ ಬಾಗಿದೆ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒಬ್ಬ ಹುಡುಗ, ಮುಖದ ಮೇಲೆ ಪರದೆಯ ನೀಲಿ ಬೆಳಕು. ಊರ ಕಟ್ಟೆಯ ಮೇಲೆ ನಾಲ್ವರು, ನಾಲ್ಕು ಫೋನು. ಕೆಳಗೆ ಒಂದು ಶೀರ್ಷಿಕೆ: ‘ಒಂಟಿತನ’, ಇಲ್ಲವೇ ‘ಮಾತು ಸತ್ತ ಕಾಲ’. ಬೀದಿ ಛಾಯಾಗ್ರಹಣದ ಹೆಸರಿನಲ್ಲಿ ಇಂಥ ಚಿತ್ರಗಳು ಪ್ರದರ್ಶನಗಳಲ್ಲಿ, ಸ್ಪರ್ಧೆಗಳಲ್ಲಿ, ಪತ್ರಿಕೆಗಳ ಪುಟಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿವೆ. ನೋಡಿದವರು ನಿಟ್ಟುಸಿರು ಬಿಟ್ಟು ಮೆಚ್ಚುತ್ತಾರೆ. ನನಗೆ ಅವು ಸಿಟ್ಟು ತರಿಸುತ್ತವೆ. ಅವುಗಳಲ್ಲಿ ಬಹಳಷ್ಟು ಸುಳ್ಳು ಹೇಳುತ್ತವೆ. ಆ ಸುಳ್ಳನ್ನು ಬರೆಯುವುದು, ಕೇಳದೆ ತೆಗೆದುಕೊಂಡ ಒಬ್ಬ ಮನುಷ್ಯನ ಮುಖದ ಮೇಲೆ.

ನಮ್ಮ ಕಡೆಯಿಂದ ಒಮ್ಮೆ ನೋಡಿ. ನಮ್ಮ ಮುಕ್ಕುಂದ ಸಿಂಧನೂರು ತಾಲ್ಲೂಕಿನ ತುಂಗಭದ್ರೆಯ ದಂಡೆಯ ಊರು. ಸಿಂಧನೂರಿಗೆ ಭತ್ತದ ಕಣಜ ಎಂಬ ಹೆಸರು ಬಂದದ್ದು ಎಡದಂಡೆ ಕಾಲುವೆಯ ನೀರಿನಿಂದ. ಆದರೆ ಕಾಲುವೆ ಮುಟ್ಟದ ಲಿಂಗಸುಗೂರು, ಮಸ್ಕಿ ಭಾಗದ ಒಣಭೂಮಿಯವರಿಗೂ, ನೀರಾವರಿ ಊರಿನಲ್ಲೇ ಇದ್ದು ಹೊಲವಿಲ್ಲದವರಿಗೂ ಗುಳೆ ತಪ್ಪಿಲ್ಲ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡಗಳಿಗೆ ಇಲ್ಲಿನ ಗಂಡ ಹೆಂಡಿರು ಹೋಗುತ್ತಾರೆ. ಸಾಲಿಗೆ ಹೋಗುವ ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಸಂಜೆ ಕೆಲಸ ಬಿಟ್ಟ ಮೇಲೆ, ತಗಡಿನ ಶೆಡ್ಡಿಗೆ ಹೋಗುವ ಮುಂಚೆ, ರಸ್ತೆ ಬದಿಯ ಮರಳಿನ ಗುಡ್ಡೆಯ ಮೇಲೆ ಕೂತು ಅಪ್ಪನಾದವನು ಫೋನು ಹಿಡಿಯುತ್ತಾನೆ. ‘ಯವ್ವಾ, ಉಂಡ್ರ್ಯಾ? ಸಣ್ಣಾಕಿ ಸಾಲಿಗೆ ಹೋಗಿದ್ಲಾ? ಫೋನ್ ಆಕೀ ಕೈಯಾಗ ಕೊಡು.’ ಮಗಳ ಮುಖ ಪರದೆಯ ಮೇಲೆ ಬರುತ್ತದೆ, ಅವನ ಕತ್ತು ಇನ್ನಷ್ಟು ಬಾಗುತ್ತದೆ. ಸುತ್ತ ನಡೆಯುವುದೊಂದೂ ಆಗ ಅವನಿಗೆ ಬೇಡ. ಕ್ಯಾಮೆರಾ ಹಿಡಿದವನಿಗೆ ಸಿಗುವುದು ಆ ಬಾಗಿದ ಕತ್ತು ಮಾತ್ರ.

ಇಪ್ಪತ್ತೈದು ವರ್ಷದ ಹಿಂದೆ ಇದೇ ಅಪ್ಪ ಏನು ಮಾಡುತ್ತಿದ್ದ? ಎಸ್‌ಟಿಡಿ ಬೂತಿನ ಮುಂದೆ ಸರದಿ ನಿಲ್ಲುತ್ತಿದ್ದ. ಊರಲ್ಲಿ ಫೋನಿದ್ದ ದೊಡ್ಡವರ ಮನೆಗೆ ಫೋನು ಹಚ್ಚಿ, ‘ಸಾವ್ಕಾರ್ರ, ನಮ್ಮವ್ವನ್ನ ಒಂದೀಟು ಕರೀರಿ’ ಎಂದು ಬೇಡಿಕೊಂಡು, ಇಟ್ಟು, ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚಿ, ಮೀಟರಿನ ಅಂಕಿ ಓಡುವುದನ್ನು ನೋಡುತ್ತ ಮಾತು ನುಂಗುತ್ತಿದ್ದ. ಒಂಟಿತನದ ಚಿತ್ರ ಬೇಕಿದ್ದವರು ಅವತ್ತು ತೆಗೆಯಬೇಕಿತ್ತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಎಷ್ಟು ಕ್ಯೂಸೆಕ್ ಬಿಟ್ಟರು, ನೀರು ಎಲ್ಲಿಗೆ ಬಂತು, ಜಲಾಶಯ ಎಷ್ಟು ಖಾಲಿಯಾದೀತು, ನಾಟಿ ಮಾಡಿದ ಭತ್ತ ಕೈಗೆ ಹತ್ತೀತೇ? ನದಿದಂಡೆಯವರಿಗೆ, ಕಾಲುವೆಯ ಕೊನೆಭಾಗದ ರೈತರಿಗೆ ಆ ವಾರವಿಡೀ ಇದೇ ಚಿಂತೆ, ಸುದ್ದಿ ಬರುತ್ತಿದ್ದದ್ದು ಫೋನಿನಲ್ಲಿ. ಆಗ ಕಟ್ಟೆಯ ಮೇಲೆ ತಲೆಬಾಗಿ ಕೂತ ರೈತರ ಫೋಟೊ ತೆಗೆದು ‘ಮೊಬೈಲ್ ಗೀಳು’ ಎಂದು ಬರೆಯುವುದು ಬಹಳ ಸುಲಭವಿತ್ತು. ಪಕ್ಕದಲ್ಲಿ ಐದು ನಿಮಿಷ ಕೂತವನು ಮಾತ್ರ ಹಾಗೆ ಬರೆಯಲಾರ.

ಬರಿಯ ಚಿತ್ರ ಸಾಕ್ಷಿಯಾಗುವುದಿಲ್ಲ ಎಂಬುದು ನಮ್ಮ ಕೂಲಿಕಾರರಿಗೆ ಚೆನ್ನಾಗಿ ಗೊತ್ತು. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಸಾಮೂಹಿಕ ಕಾಮಗಾರಿಗಳಲ್ಲೆಲ್ಲ ಮೊಬೈಲ್ ಆ್ಯಪಿನ ಹಾಜರಿ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕಾಯಕ ಬಂಧು ಫೋಟೊ ತೆಗೆಯಬೇಕಿತ್ತು, ಕೂಲಿಯವರು ಬಿಸಿಲಲ್ಲಿ ಸಾಲಾಗಿ ನಿಲ್ಲಬೇಕಿತ್ತು. ನೆಟ್‌ವರ್ಕ್ ಕೈಕೊಟ್ಟರೆ ದುಡಿದವರ ಹಾಜರಿಗೇ ಕುತ್ತು ಬರುತ್ತಿತ್ತು. ಅಷ್ಟಾಗಿಯೂ ಫೋಟೊದ ಫೋಟೊ ತೆಗೆದು, ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರ ಹಾಕಿ ಹಾಜರಿ ತೋರಿಸುತ್ತಿದ್ದಾರೆ ಎಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆಯಿತು. ಕೈಯಲ್ಲಿ ಸಲಿಕೆ ಇದೆಯೇ ಇಲ್ಲವೇ ಎಂಬಷ್ಟನ್ನೂ ಚಿತ್ರ ನಂಬುವಂತೆ ಹೇಳಲಾರದು. ಮನಸ್ಸಿನೊಳಗೆ ಒಂಟಿತನ ಇದೆ ಎಂದು ಅದು ಹೇಗೆ ಹೇಳೀತು?

ಇನ್ನು ಕೇಳದೆ ತೆಗೆಯುವ ಮಾತು. ಫೋನಿನಲ್ಲಿ ಮುಳುಗಿದವರನ್ನೇ ಆರಿಸಿ ತೆಗೆಯುವುದಕ್ಕೆ ಕಲೆಯಾಚೆಗೂ ಒಂದು ಕಾರಣವಿದೆ. ಅವರು ತಲೆ ಎತ್ತುವುದಿಲ್ಲ. ಎತ್ತದವರು ಬೇಡ ಎನ್ನುವುದಿಲ್ಲ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ಪ್ರಯಾಣಿಸುವ ಹೆಣ್ಣುಮಕ್ಕಳನ್ನು ಅವರಿಗೆ ಗೊತ್ತಾಗದಂತೆ ಚಿತ್ರಿಸಿ ಹಾಕುತ್ತಿದ್ದ ಇನ್‌ಸ್ಟಾಗ್ರಾಂ ಪುಟ ಬಯಲಾಯಿತು. ಆ ಪುಟಕ್ಕೆ ಐದು ಸಾವಿರಕ್ಕೂ ಹೆಚ್ಚು ಹಿಂಬಾಲಕರಿದ್ದರು. ಬನಶಂಕರಿ ಪೊಲೀಸರು ಪ್ರಕರಣ ದಾಖಲಿಸಿ ಒಬ್ಬನನ್ನು ಬಂಧಿಸಿದರು. ಎರಡೇ ತಿಂಗಳಲ್ಲಿ ಚರ್ಚ್ ಸ್ಟ್ರೀಟಿನ ಪ್ರಕರಣ ಬಂತು. ಬೀದಿಯ ಗದ್ದಲ ಚಿತ್ರಿಸುವವನಂತೆ ನಟಿಸುತ್ತ ಒಬ್ಬಾತ ಹೆಣ್ಣುಮಕ್ಕಳನ್ನು ಹಿಂಬಾಲಿಸಿ ವಿಡಿಯೊ ಮಾಡುತ್ತಿದ್ದಾನೆ ಎಂದು ಒಬ್ಬ ಯುವತಿ ಧೈರ್ಯವಾಗಿ ಹೇಳಿದಳು, ಆತನನ್ನೂ ಬಂಧಿಸಲಾಯಿತು. ಬೀದಿ ಛಾಯಾಗ್ರಾಹಕರು ತಕ್ಷಣ ಹೇಳುತ್ತಾರೆ: ಅವರು ಬೇರೆ, ನಾವು ಬೇರೆ. ಉದ್ದೇಶ ಬೇರೆ ಎಂಬುದು ಖಂಡಿತ ನಿಜ, ಇಬ್ಬರನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಆದರೆ ಕ್ಯಾಮೆರಾದ ಈಚೆ ಇರುವ ಹುಡುಗಿಗೆ ಉದ್ದೇಶ ಕಾಣಿಸುವುದಿಲ್ಲ. ಅವಳಿಗೆ ಕಾಣುವುದು, ಅದೂ ತಡವಾಗಿ, ತನ್ನ ಮುಖ ಎಲ್ಲೋ ಇದೆ ಎಂಬುದು ಮಾತ್ರ.

ಸಾರ್ವಜನಿಕ ಜಾಗದಲ್ಲಿದ್ದರೆ ತೆಗೆಯಬಹುದು ಎಂಬ ವಾದ ಹಳೆಯದು. ಅಮೆರಿಕದ ಫಿಲಿಪ್-ಲೋರ್ಕಾ ಡಿಕಾರ್ಸಿಯಾ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ದಾರಿಹೋಕರಿಗೆ ತಿಳಿಯದಂತೆ ತೆಗೆದ ಮುಖಗಳನ್ನು 2001ರಲ್ಲಿ ಪ್ರದರ್ಶಿಸಿದರು. ಅದರಲ್ಲಿದ್ದ ಒಬ್ಬ ಯಹೂದಿ ವೃದ್ಧರು, ತಮ್ಮ ಧರ್ಮಕ್ಕೆ ಇದು ಸಲ್ಲದು ಎಂದು ಕೋರ್ಟಿಗೆ ಹೋದರು. 2006ರಲ್ಲಿ ಅವರ ವಾದ ಬಿದ್ದುಹೋಯಿತು, ಕಲೆ ಗೆದ್ದಿತು. ನಮ್ಮ ದೇಶದ ದಾರಿ ಬೇರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಬೀದಿಗೆ ಬಂದ ಮಾತ್ರಕ್ಕೆ ಮನುಷ್ಯ ಅದನ್ನು ಕಳೆದುಕೊಳ್ಳುವುದಿಲ್ಲ ಎಂಬ ಮಾತೂ ಆ ತೀರ್ಪಿನಲ್ಲಿದೆ. ಮರಳಿನ ಗುಡ್ಡೆಯ ಮೇಲೆ ಕೂತ ಕೂಲಿಯವನು ಕೋರ್ಟಿಗೆ ಹೋಗಲಾರ. ಅವನ ಚಿತ್ರ ನಿರ್ಭಯವಾಗಿ ಓಡಾಡುವುದು ಈ ಧೈರ್ಯದಿಂದಲೇ. ಐಷಾರಾಮಿ ಅಪಾರ್ಟ್‌ಮೆಂಟಿನ ಒಡೆಯ ತನ್ನ ಬಾಲ್ಕನಿಯಲ್ಲಿ ಫೋನು ನೋಡುತ್ತ ಕೂತ ಚಿತ್ರ ಎಷ್ಟು ಪ್ರದರ್ಶನಗಳಲ್ಲಿದೆ?

ಬೀದಿ ಛಾಯಾಗ್ರಹಣ ನಿಲ್ಲಲಿ ಎಂದು ನಾನು ಹೇಳುತ್ತಿಲ್ಲ. ನಿಲ್ಲಿಸಿದರೆ ನಮ್ಮ ಕಾಲದ ಬೀದಿಗಳ ನೆನಪೇ ಉಳಿಯುವುದಿಲ್ಲ. ವಾಕರ್ ಎವನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕೋಟಿನೊಳಗೆ ಕ್ಯಾಮೆರಾ ಬಚ್ಚಿಟ್ಟು ಪ್ರಯಾಣಿಕರನ್ನು ಚಿತ್ರಿಸಿದರು. ಆದರೆ ಅವನ್ನು ಪುಸ್ತಕವಾಗಿ ಹೊರತಂದದ್ದು 1966ರಲ್ಲಿ. ಆ ರೈಲುಗಳಲ್ಲೂ ಪಕ್ಕದವರೊಡನೆ ಮಾತಿಲ್ಲದೆ, ಪತ್ರಿಕೆ ಅಡ್ಡ ಹಿಡಿದು ಕೂತವರಿದ್ದರು, ಆಗ ಮೊಬೈಲ್ ಇರಲಿಲ್ಲ. ಎರಿಕ್ ಪಿಕರ್ಸ್‌ಗಿಲ್ ಎಂಬ ಛಾಯಾಗ್ರಾಹಕ ಇನ್ನೊಂದು ದಾರಿ ಹಿಡಿದರು. ಜನರ ಒಪ್ಪಿಗೆ ಪಡೆದು, ಅವರ ಕೈಯ ಫೋನು ತೆಗೆದಿಟ್ಟು, ಅದೇ ಭಂಗಿಯಲ್ಲಿ ಇರಿಸಿ ಚಿತ್ರ ತೆಗೆದರು. ಖಾಲಿ ಅಂಗೈ ನೋಡುತ್ತ ಕೂತ ಗಂಡ ಹೆಂಡಿರ ಆ ಚಿತ್ರಗಳು ಬಹಳ ಕಲಕುತ್ತವೆ. ಅಲ್ಲಿ ಕೂತವರು ತಮ್ಮನ್ನು ತಾವೇ ಪ್ರಶ್ನೆಗೆ ಒಡ್ಡಿಕೊಂಡಿದ್ದಾರೆ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಜೀವಮಾನವಿಡೀ ಸಾಮಾನ್ಯರನ್ನೇ ಚಿತ್ರಿಸಿದರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ವಿಶ್ವಸಂಸ್ಥೆಯ ಕಚೇರಿಯಲ್ಲೇ ಪ್ರದರ್ಶನಗೊಂಡವು. ಅವರ ಚಿತ್ರದಲ್ಲಿರುವವರು ಯಾವುದೋ ರೋಗದ ಲಕ್ಷಣವಾಗಿ ಕಾಣುವುದಿಲ್ಲ, ಮನುಷ್ಯರಾಗಿಯೇ ಕಾಣುತ್ತಾರೆ.

ಕಟ್ಟೆಯ ಚಿತ್ರದ ಬಗ್ಗೆ ನನಗೆ ಹೆಚ್ಚಿನ ಕೋಪವಿದೆ. ಊರ ಕಟ್ಟೆಯಲ್ಲಿ ಹಿಂದೆ ಮಾತಿತ್ತು, ಮೊಬೈಲ್ ಬಂದು ಕೊಂದಿತು ಎಂದು ಬರೆಯುವವರು, ಆ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು ಎಂಬುದನ್ನು ಹೇಳುವುದಿಲ್ಲ. ಹೆಂಗಸರು ಸೆರಗು ಹೊದ್ದು, ತಲೆ ತಗ್ಗಿಸಿ ಅದರ ಮುಂದೆ ಹಾದುಹೋಗುತ್ತಿದ್ದರು. ದಲಿತ ಕೇರಿಯವರು ಅದನ್ನು ಹತ್ತುವಂತಿರಲಿಲ್ಲ, ಚಪ್ಪಲಿ ಕೈಗೆತ್ತಿಕೊಂಡು ದಾಟಬೇಕಿದ್ದ ಊರುಗಳೂ ಇದ್ದವು. ಆ ಮಾತಿನಲ್ಲಿ ಅವರಿಗೆ ಪಾಲಿರಲಿಲ್ಲ. ಇವತ್ತು ಅದೇ ಕೇರಿಯ ಹುಡುಗಿ ಮನೆಯ ಮೆಟ್ಟಿಲ ಮೇಲೆ ಕೂತು, ರಾಯಚೂರಿನಲ್ಲಿ ನರ್ಸಿಂಗ್ ಓದುವ ಗೆಳತಿಯ ಜೊತೆ, ಯಾರ ಅಪ್ಪಣೆಯೂ ಬೇಕಿಲ್ಲದೆ ಮಾತಾಡುತ್ತಾಳೆ. ಇದನ್ನು ಸಮಾಜದ ಅವನತಿ ಎಂದು ಚಿತ್ರಿಸುವವರ ಕಣ್ಣನ್ನು ನಾನು ನಂಬಲಾರೆ.

ಹಾಗಾದರೆ ಫೋನಿನಿಂದ ಕೇಡೇ ಇಲ್ಲವೇ? ಇದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗೆ ಪ್ರತ್ಯೇಕ ಚಿಕಿತ್ಸಾಲಯ ತೆರೆದಿದೆ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್ 2022ರಿಂದ ದಿನಾ ಸಂಜೆ ಏಳಕ್ಕೆ ಸೈರನ್ ಕೂಗಿಸಿ ಒಂದೂವರೆ ತಾಸು ಟಿ.ವಿ., ಮೊಬೈಲ್ ಬಂದ್ ಮಾಡಿತು. ನಮ್ಮ ಬೆಳಗಾವಿ ತಾಲ್ಲೂಕಿನ ಹಲಗಾ ಗ್ರಾಮವೂ ಅದೇ ದಾರಿ ಹಿಡಿದಿದೆ. ಇದು ಮೆಚ್ಚುವ ಕೆಲಸ. ಊರವರು ಕೂತು ಮಾತಾಡಿ ತಮಗೆ ತಾವೇ ಹಾಕಿಕೊಂಡ ಕಟ್ಟು ಅದು. ಅದಕ್ಕಾಗಿ ಯಾರ ಮುಖವನ್ನೂ ಗೋಡೆಗೆ ತೂಗುಹಾಕಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಆರರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ. ಬಡ ದೇಶಗಳಲ್ಲಿ ಅದು ಶೇ 24ರಷ್ಟು, ಶ್ರೀಮಂತ ದೇಶಗಳಲ್ಲಿ ಶೇ 11ರಷ್ಟು. ವರದಿ ಪರದೆಯ ಅತಿಬಳಕೆಯ ಬಗ್ಗೆ ಎಚ್ಚರಿಸುತ್ತದೆ, ಜೊತೆಗೆ ಬಡತನವನ್ನು, ಅನಾರೋಗ್ಯವನ್ನು ಹೆಸರಿಸುತ್ತದೆ. ಗುಳೆ ಹೋದ ಮಗನ ದಾರಿ ಕಾಯುವ ಮುಕ್ಕುಂದದ ಅಜ್ಜಿಯ ಒಂಟಿತನ ಊರಲ್ಲಿ ವರ್ಷವಿಡೀ ಕೂಲಿ ಸಿಗದ್ದರಿಂದ ಹುಟ್ಟಿದ್ದು. ಅದನ್ನು ಚಿತ್ರಿಸಲು ಸಿಂಧನೂರಿನ ಬಸ್ ನಿಲ್ದಾಣಕ್ಕೆ ರಾತ್ರಿ ಬನ್ನಿ. ಚೀಲ, ಹಾಸಿಗೆ, ಜೋಳದ ಹಿಟ್ಟಿನ ಡಬ್ಬಿ ಹೊತ್ತು ಬೆಂಗಳೂರಿನ ಬಸ್ಸಿಗೆ ಕಾಯುವವರಿದ್ದಾರೆ.

ಬಂದಾಗ ಕೇಳಿ. ಮೊದಲೇ ಕೇಳಿದರೆ ಆ ಕ್ಷಣ ಕೆಡುತ್ತದೆ ಎನ್ನುವುದಾದರೆ ತೆಗೆದ ಮೇಲಾದರೂ ತೋರಿಸಿ. ಬೇಡವೆಂದರೆ ಅಲ್ಲೇ ಅವರೆದುರಿಗೆ ಅಳಿಸಿ. ಶೀರ್ಷಿಕೆ ಬರೆಯುವ ಮುಂಚೆ ಅವರ ಮಾತು ಕೇಳಿಸಿಕೊಳ್ಳಿ. ಒಪ್ಪಿದವರಿಗೆ ಒಂದು ಪ್ರತಿ ಕಳಿಸಿ. 1971ರಿಂದ ಬೆಂಗಳೂರಿನಲ್ಲಿ ಛಾಯಾಗ್ರಾಹಕರನ್ನು ಬೆಳೆಸುತ್ತಿರುವ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಘಗಳು, ಸ್ಪರ್ಧೆ ನಡೆಸುವ ಪತ್ರಿಕೆಗಳು, ಕಾಲೇಜುಗಳು ಈ ವಿಷಯದಲ್ಲಿ ಮುಂದೆ ಬರಬೇಕು. ಗುರುತು ಸಿಗುವ ಮುಖವಿದ್ದರೆ, ಆ ವ್ಯಕ್ತಿಗೆ ಚಿತ್ರವನ್ನೂ ಶೀರ್ಷಿಕೆಯನ್ನೂ ತೋರಿಸಲಾಗಿದೆಯೇ ಎಂಬ ಪ್ರಶ್ನೆ ಪ್ರವೇಶಪತ್ರದಲ್ಲೇ ಇರಲಿ. ಇಲ್ಲ ಎಂದು ಬರೆದ ಚಿತ್ರಗಳಿಗೆ ‘ಒಂಟಿತನ’ದ ವಿಭಾಗದಲ್ಲಿ ಬಹುಮಾನ ಕೊಡಬೇಡಿ.