ನೋಡದ ಊರಿಗೆ ಮರಳುವುದು ಹೇಗೆ?

ರಬ್ಬರ್ ಗಿಡದ ಹಾಲು ಇಳಿಸುವವರು ಹೊತ್ತು ಹುಟ್ಟುವ ಮೊದಲೇ ಕೆಲಸಕ್ಕಿಳಿಯುತ್ತಾರೆ. ನಸುಕಿನಲ್ಲಿ ಗಿಡದ ಜೀವಕೋಶಗಳೊಳಗೆ ನೀರಿನ ಒತ್ತಡ ಹೆಚ್ಚಿರುತ್ತದೆ. ತೊಗಟೆ ಕೆತ್ತಿದೊಡನೆ ಹಾಲು ಸರಾಗವಾಗಿ ಹರಿಯುತ್ತದೆ. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಸೀಮೆಯಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ಈ ಕೆಲಸಕ್ಕೆಂದು ಅಲ್ಲಿ ನೆಲೆ ಕಂಡ ಅನೇಕ ಕುಟುಂಬಗಳ ಮನೆಮಾತು ತಮಿಳು, ಹಿರಿಯರು ಹುಟ್ಟಿದ್ದು ಶ್ರೀಲಂಕಾದಲ್ಲಿ. ಸರಕಾರಿ ಭಾಷೆಯಲ್ಲಿ ಅವರು ‘ತಾಯ್ನಾಡಿಗೆ ಮರಳಿದವರು’. ಆದರೆ ಅವರಲ್ಲಿ ಬಹಳಷ್ಟು ಜನ ಅದಕ್ಕೂ ಮೊದಲು ಭಾರತವನ್ನು ಕಂಡೇ ಇರಲಿಲ್ಲ!

ಇದು ಹೇಗಾಯಿತು? 19ನೆಯ ಶತಮಾನದಲ್ಲಿ ಬ್ರಿಟಿಷರು ಕಾಫಿ ತೋಟಗಳಿಗೆ, ಆಮೇಲೆ ಚಹಾ ತೋಟಗಳಿಗೆ ತಮಿಳು ಸೀಮೆಯ ಬಡವರನ್ನು ಕೂಲಿಗೆಂದು ಸಿಲೋನಿಗೆ ಒಯ್ದರು. 1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷದ ಪೌರತ್ವ ಕಾನೂನು, ತಂದೆ ಅಥವಾ ಅಜ್ಜ–ಮುತ್ತಜ್ಜ ಅಲ್ಲೇ ಹುಟ್ಟಿದ್ದಕ್ಕೆ ಪುರಾವೆ ಕೇಳಿತು. ಕೂಲಿಯವನ ಮನೆಯಲ್ಲಿ ಮುತ್ತಜ್ಜನ ಜನನ ಪತ್ರ ಎಲ್ಲಿಂದ ಬರಬೇಕು? ಲಕ್ಷಾಂತರ ಜನ ಯಾವ ದೇಶಕ್ಕೂ ಸೇರದವರಾದರು.

ದೆಹಲಿಗೆ ಇಕ್ಕಟ್ಟು. ಇವರನ್ನೆಲ್ಲ ಒಪ್ಪಿಕೊಂಡರೆ, ಭಾರತೀಯ ಮೂಲದವರಿರುವ ಬೇರೆ ದೇಶಗಳೂ ಅದೇ ಹಾದಿ ಹಿಡಿಯಬಹುದು. ಒಪ್ಪದಿದ್ದರೆ ಈ ಜನಕ್ಕೆ ನಡುನೀರೇ ಗತಿ. ಕಡೆಗೆ 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಒಪ್ಪಂದಕ್ಕೆ ಬಂದರು. ಒಟ್ಟು 9,75,000 ಜನರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ 1,50,000 ಮಂದಿಯನ್ನು 1974ರಲ್ಲಿ ಸರಿಪಾಲು ಮಾಡಲಾಯಿತು. ಲೆಕ್ಕ ಸರಿಯಾಯಿತು. ಆದರೆ ‘ನಿಮಗೆಲ್ಲಿ ಇರಲು ಇಷ್ಟ?’ ಎಂದು ಆ ಜನರನ್ನು ಮೊದಲು ಕೇಳಿರಲಿಲ್ಲ. ಭಾರತದ ಪಾಲಿಗೆ ಗೊತ್ತುಮಾಡಿದಷ್ಟು ಜನ ಅರ್ಜಿಯನ್ನೇ ಹಾಕಲಿಲ್ಲ. 1984ರಲ್ಲಿ, ಅಲ್ಲಿ ಹಿಂಸಾಚಾರ ಹೆಚ್ಚಿದ ಹೊತ್ತಿನಲ್ಲಿ, ರಾಮೇಶ್ವರದ ಹಡಗು ನಿಂತಿತು. ಹೊರಡಬೇಕಿದ್ದವರು ಅಲ್ಲೇ ಉಳಿದರು. 2003ರಲ್ಲಿ ಶ್ರೀಲಂಕಾ ಹೊಸ ಕಾನೂನು ಮಾಡಿ, ಹೀಗೆ ಉಳಿದವರಿಗೆ ಪೌರತ್ವದ ಬಾಗಿಲು ತೆರೆಯಿತು.

ಹಾಂಗ್‌ಕಾಂಗ್ ಕಂಡದ್ದು ಇನ್ನೊಂದು ಬಗೆಯ ಇಕ್ಕಟ್ಟು. 1975ರ ನಂತರ ವಿಯೆಟ್ನಾಮಿನಿಂದ ಜನ ದೋಣಿಗಳಲ್ಲಿ ಬರತೊಡಗಿದರು. ಇರಿಸಿಕೊಂಡರೆ ಇನ್ನಷ್ಟು ದೋಣಿಗಳು ಬರುತ್ತವೆ, ತಳ್ಳಿದರೆ ಜೀವಕ್ಕೆ ಅಪಾಯ. 1989ರಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು, ಬಂದವರನ್ನು ವಿಚಾರಿಸಿ ನಿಜವಾದ ನಿರಾಶ್ರಿತರನ್ನು ಬೇರ್ಪಡಿಸಲು ಒಪ್ಪಿದವು. ಅದೇ ಡಿಸೆಂಬರಿನಲ್ಲಿ ಹಾಂಗ್‌ಕಾಂಗಿನ ಬ್ರಿಟಿಷ್ ಆಡಳಿತ 51 ಜನರನ್ನು ನಡುರಾತ್ರಿ ಎಬ್ಬಿಸಿ ವಿಮಾನ ಹತ್ತಿಸಿತು. ಜಗತ್ತೆಲ್ಲ ಟೀಕೆ ಎದ್ದಿತು.

ಜೀವಕ್ಕೆ ಅಪಾಯವಿರುವ ಕಡೆಗೆ ಯಾರನ್ನೂ ತಳ್ಳಬಾರದೆಂದು 1951ರ ನಿರಾಶ್ರಿತರ ಒಡಂಬಡಿಕೆ ಹೇಳುತ್ತದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. ಆದರೂ 1992ರಲ್ಲಿ, ತಮಿಳುನಾಡಿನ ಶಿಬಿರಗಳಿಂದ ಶ್ರೀಲಂಕಾಕ್ಕೆ ಹೊರಟವರನ್ನು ‘ಸ್ವಂತ ಇಚ್ಛೆಯಿಂದಲೇ ಹೋಗುತ್ತಿದ್ದೀರಾ?’ ಎಂದು ವಿಚಾರಿಸಲು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ ಅವಕಾಶ ಕೊಟ್ಟಿತು. 1964ರಲ್ಲಿ ಬಿಟ್ಟುಹೋದ ಪ್ರಶ್ನೆ ಅದೇ.

ಸುಳ್ಯಕ್ಕೆ ಬಂದವರ ಕಷ್ಟ ಹಡಗಿನಿಂದ ಇಳಿದೊಡನೆ ಮುಗಿಯಲಿಲ್ಲ. ಮಕ್ಕಳ ಜಾತಿ ಪ್ರಮಾಣಪತ್ರಕ್ಕಾಗಿ ಅವರು ಕಚೇರಿಯಿಂದ ಕಚೇರಿಗೆ ಅಲೆದರು. ದೊಡ್ಡವರ ಒಪ್ಪಂದದ ಬಾಕಿಯನ್ನು ತೀರಿಸಬೇಕಾಗಿ ಬಂದದ್ದು ಶಾಲೆಗೆ ಹೋಗುವ ಮಕ್ಕಳು.

ಸೇಡಂ ಸೀಮೆಯ ಮುಧೋಳದವರಿಗೆ ಗಡಿಯ ಮಾತು ಹೊಸದಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಗೆರೆ ಬಿದ್ದಾಗ ಒಂದೇ ನಂಟಸ್ತನದ ಮನೆಗಳು ಎರಡು ರಾಜ್ಯಗಳಿಗೆ ಸೇರಿದವು. ಅದು ಒಂದೇ ದೇಶದೊಳಗಿನ ಗೆರೆ. ಯಾರ ಪೌರತ್ವವೂ ಹೋಗಲಿಲ್ಲ. ಗೆರೆ ದೇಶಗಳ ನಡುವಿನದಾಗಿದ್ದರೆ?

ಎಲ್ಲರನ್ನೂ ಇರಿಸಿಕೊಳ್ಳಲು ಯಾವ ಸರಕಾರಕ್ಕೂ ಆಗದು, ನಿಜ. ಆದರೆ ‘ವಾಪಸು ಕಳಿಸಿ’ ಎಂಬ ಮಾತು ಕಿವಿಗೆ ಬಿದ್ದಾಗ ಮಕ್ಕಳು ಮೂರು ಪ್ರಶ್ನೆ ಕೇಳಲು ಕಲಿಯಲಿ: ಅವರು ಹುಟ್ಟಿದ್ದೆಲ್ಲಿ? ಅಲ್ಲಿ ಅವರಿಗಾಗಿ ಕಾದಿರುವುದೇನು? ಅವರನ್ನು ಕೇಳಿದ್ದಾರೆಯೇ? ಮತ್ತು ಪಾಲಕರು ಇಂದೇ ಪೆಟ್ಟಿಗೆ ತೆಗೆದು, ಮಕ್ಕಳ ಜನನ ಪತ್ರ ಎಲ್ಲಿದೆಯೆಂದು ಒಮ್ಮೆ ನೋಡಿಕೊಳ್ಳಲಿ.