ಟಕ್ ಟಕ್ ಅಂದ್ರ ಕೈ ಹಚ್ಚಬ್ಯಾಡ್ರಿ

ನಮ್ಮ ಮನ್ಯಾಗ ಫೋಟೋಗಳು ಎರಡು ಸಲ ಸತ್ತು ಬದುಕ್ಯಾವ. ಮೊದಲ್ನೇ ಸಲ 2009ರ ಅಕ್ಟೋಬರ್‌ದಾಗ, ತುಂಗಭದ್ರಾ ಹೊಳಿ ಉಕ್ಕಿ ಸಿರುಗುಪ್ಪ ತಾಲೂಕಿನ ಊರೊಳಗ ನೀರು ಹೊಕ್ಕಾಗ. ತವರುಮನಿ ಆಲ್ಬಮ್ ತೊಯ್ದು ಒಂದಕ್ಕೊಂದು ಅಂಟಿಕೊಂಡಿದ್ವು. ಬಿಡಿಸಿದಷ್ಟು ಬಿಡಿಸಿ, ಒಣಗಿಸಿ, ಸ್ಕ್ಯಾನ್ ಮಾಡಿಸಿ ಹಾರ್ಡ್ ಡಿಸ್ಕಿಗೆ ಹಾಕಿಸಿದ್ವಿ. ಇನ್ನ ಹೊಳಿ ಬಂದ್ರೂ ಚಿಂತಿಲ್ಲ ಅಂತ ನಾನೇ ಅಂದಿದ್ದೆ!

ಹೋದ ದೀಪಾವಳಿಗೆ ಅದನ್ನ ಕಂಪ್ಯೂಟರಿಗೆ ಹಚ್ಚಿದ್ರ ಒಳಗಿಂದ ಟಕ್ ಟಕ್ ಸಪ್ಪಳ. ಮಗ ಕಿತ್ತಿ ಹಚ್ಚಿದ, ಮತ್ತ ಕಿತ್ತಿ ಹಚ್ಚಿದ. ಬಾಜೂಮನಿ ಅಕ್ಕ ಫ್ರಿಜ್‌ನಾಗ ಇಡು ಅಂದ್ಲು. ತೊಯ್ದ ಮೊಬೈಲ್ ಅಕ್ಕಿಯಾಗ ಹೂಳೋದು ಭತ್ತದ ನಾಡಿನ ನಮಗ ಗೊತ್ತಿತ್ತು, ಇದು ಹೊಸಾದು. ಪ್ಯಾಟಿ ಅಂಗಡಿ ಹುಡುಗ ಸ್ಕ್ರೂಡ್ರೈವರ್ ಹಿಡಕೊಂಡು "ಬಿಚ್ಚಿ ನೋಡ್ತೀನ್ರಿ ಅಮ್ಮ" ಅಂದ. ನಾನು ಕಸಕೊಂಡು ಬಂದೆ.

ನಮ್ಮನಿಯವರು "ಹೊಸಾ ಡಿಸ್ಕೇ ಅದಕ್ಕಿಂತ ಅಗ್ಗ ಐತಲ್ಲ" ಅಂದ್ರು. ಡಿಸ್ಕ್ ಸಿಗ್ತೈತ್ರಿ. ನಮ್ಮವ್ವನ ಮದುವಿ ಫೋಟೋ ಯಾವ ಅಂಗಡ್ಯಾಗ ಸಿಗ್ತೈತಿ?

ಬೆಂಗಳೂರಿಗೆ ಡಾಟಾ ತೆಗೆಯೋರ ಹತ್ರ ಕಳಿಸಿದ್ವಿ. ಅವರು ತಿಳಿಸಿ ಹೇಳಿದ್ರು: ಇಂಥ ಡಿಸ್ಕಿನೊಳಗ ತಟ್ಟಿ ನಿಮಿಷಕ್ಕ 5,400 ಸುತ್ತು ತಿರುಗತೈತಿ, ಓದೋ ತಲಿ ಅದರ ಮ್ಯಾಲೆ ಕೂದಲೆಳಿ ದಪ್ಪದ ಸಾವಿರದಾಗ ಒಂದು ಪಾಲಿಗಿಂತ ಕಮ್ಮಿ ಎತ್ತರದಾಗ ತೇಲತಿರತೈತಿ. ಒಂದು ಧೂಳಿನ ಕಣ ಅದಕ್ಕ ಬಂಡಿಗಲ್ಲು ಇದ್ದಂಗ. ಅದಕ್ಕ ಧೂಳಿಲ್ಲದ ಕೋಣ್ಯಾಗೇ ಬಿಚ್ಚಬೇಕು. ಟಕ್ ಅನ್ನೋದು ಬಹಳ ಸಲ ಆ ತಲಿ ಓದಲಾರದೆ ತಿರುಗಿ ತಿರುಗಿ ಒದ್ದಾಡೋ ಸಪ್ಪಳ. ಅದು ತಟ್ಟಿಗೆ ತಾಗಿದ್ರ, ಕರೆಂಟ್ ಕೊಟ್ಟಾಗೊಮ್ಮೆ ಇನ್ನಷ್ಟು ಕೆರೀತೈತಿ. ಫ್ರಿಜ್‌ನಾಗ ಇಟ್ರ ತಣ್ಣಗಾಗಿ, ಹೊರಗ ತಂದಾಗ ಒಳಗ ಹನಿ ಕೂಡಬಹುದು.

ಸಪ್ಪಳಿಲ್ಲ, ಡಿಸ್ಕ್ ಕಾಣಸ್ತೈತಿ, ಬರೀ ತಪ್ಪಿ ಡಿಲೀಟ್ ಆಗೈತಿ ಅಂದ್ರ ಮನ್ಯಾಗ ಸಾಫ್ಟ್‌ವೇರ್‌ನಿಂದ ನೋಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಸಿಕ್ಕಿದ್ದನ್ನ ಅದೇ ಡಿಸ್ಕಿಗೆ ತುಂಬಬ್ಯಾಡ್ರಿ, ಬ್ಯಾರೆ ಡಿಸ್ಕಿಗೆ ಹಾಕ್ರಿ. ಕೆಳಗ ಬಿದ್ದು ಸಪ್ಪಳ ಬಂದಿದ್ದು, ನೀರಾಗ ಮುಳುಗಿದ್ದು, ಸುಟ್ಟ ವಾಸನಿ ಬಂದಿದ್ದು ಇದ್ರ ತಕ್ಷಣ ಕರೆಂಟ್ ತಗದು, ಒಳಗಿರೋದು ಮತ್ತ ಸಿಗದಂಥಾದಾದ್ರ ಅಂಥೋರ ಹತ್ರ ಕೊಡ್ರಿ. ಕೊಡಾಕ ಮೊದಲು ನೋಡಿ ಹೇಳಾಕ ಎಷ್ಟು, ತೆಗೆಯಾಕ ಎಷ್ಟು, ಏನೂ ಬರದಿದ್ರ ಎಷ್ಟು ಅಂತ ಬಾಯಿ ಬಿಟ್ಟು ಕೇಳ್ರಿ. ನಾಚಿಕಿ ಬ್ಯಾಡ.

ನಮ್ಮವು ಬಹಳಷ್ಟು ವಾಪಸ್ ಬಂದ್ವು. ಅಣ್ಣನ ತೊಟ್ಟಿಲ ಫೋಟೋ ಬರಲಿಲ್ಲ. "ಅಷ್ಟು ಸಲ ಹಚ್ಚಬಾರದಿತ್ತು ಅಮ್ಮ" ಅಂದ್ರು. ಮಗ ಅವತ್ತು ಉಣ್ಣಲಿಲ್ಲ. ಅವ್ವನ ಮದುವಿ ಫೋಟೋದ ಒಂದು ಕಾಪಿ ಈಗ ಬಳ್ಳಾರಿ ತಂಗಿ ಮನ್ಯಾಗೂ ಐತಿ.