ತರ್ಕಕ್ಕೆ ಕನ್ನಡ ಒಗ್ಗದೇ?

ಪಡುಬಿದ್ರಿ–ಕಾರ್ಕಳ ರಸ್ತೆಯಲ್ಲಿರುವ ನಮ್ಮ ಬೆಳ್ಮಣ್ಣಿನಲ್ಲಿ ಒಂದು ಮಳೆಗಾಲದ ರಾತ್ರಿ ವಾಲಿವಧೆಯ ತಾಳಮದ್ದಳೆ ಕೇಳಿದೆ. ಬಾಣ ತಗಲಿ ಬಿದ್ದ ವಾಲಿಯದು ಒಂದೇ ಪ್ರಶ್ನೆ: ನಾನು ಬರಿಯ ಮೃಗವಾದರೆ ತಮ್ಮನ ಹೆಂಡತಿಯ ವಿಷಯದಲ್ಲಿ ನನಗೇಕೆ ಧರ್ಮವಿಚಾರಣೆ? ಧರ್ಮಕ್ಕೆ ಒಳಪಟ್ಟವನಾದರೆ ಮರೆಯಲ್ಲಿ ನಿಂತು ಕೊಂದದ್ದು ಹೇಗೆ ನ್ಯಾಯ? ರಾಮನ ಪಾತ್ರಧಾರಿ ಅರ್ಧ ಗಂಟೆ ಉತ್ತರಿಸಿದರು. ನನ್ನ ಪಕ್ಕದಲ್ಲಿದ್ದ, ಮನೆಯಲ್ಲಿ ತುಳುವನ್ನೇ ಆಡುವ ಹಿರಿಯರೊಬ್ಬರು, "ಮಾತು ಚೆಂದವೇ, ಕೇಳಿದ್ದಕ್ಕೆ ಉತ್ತರ ಮಾತ್ರ ಬರಲಿಲ್ಲ" ಎಂದರು. ಶಾಸ್ತ್ರಜ್ಞರು ಉಭಯತಃಪಾಶವೆಂದು ಕರೆಯುವ ಆ ಎರಡು ಬದಿಯ ಕುಣಿಕೆಯನ್ನು ಅವರು ಹೆಸರಿಲ್ಲದೆಯೇ ಗುರುತಿಸಿದ್ದರು.

ಹೀಗಿದ್ದೂ ಕನ್ನಡ ಕಾವ್ಯಕ್ಕೆ, ಭಕ್ತಿಗೆ ಸರಿ, ಶಾಸ್ತ್ರಕ್ಕೆ ಸಾಲದು ಎಂಬ ಮಾತನ್ನು ವಿದ್ಯಾವಂತರಿಂದಲೇ ಕೇಳುತ್ತೇನೆ. ಇದೇ ಮಾತನ್ನು ಹದಿನಾರನೆಯ ಶತಮಾನದ ಇಟಲಿಯ ಪಂಡಿತರು ತಮ್ಮ ಆಡುನುಡಿಯ ಬಗ್ಗೆ ಆಡುತ್ತಿದ್ದರು. ತತ್ತ್ವಶಾಸ್ತ್ರವೆಂದರೆ ಅವರಿಗೆ ಲ್ಯಾಟಿನ್. 1542ರಲ್ಲಿ ಪ್ರಕಟವಾದ ಭಾಷೆಗಳ ಕುರಿತ ಸಂವಾದವೊಂದರಲ್ಲಿ ಸ್ಪೆರೊನಿ ಎಂಬ ಲೇಖಕ ತತ್ತ್ವಜ್ಞಾನಿ ಪೊಂಪೊನಾಜ್ಜಿಯ ಬಾಯಲ್ಲಿ ಎದುರು ವಾದವನ್ನು ಆಡಿಸಿದ: ಗ್ರೀಕ್, ಲ್ಯಾಟಿನ್ ಕಲಿಯುವುದರಲ್ಲೇ ನಮ್ಮ ಎಳೆಯ ವಯಸ್ಸು ಸವೆದುಹೋಗುತ್ತಿದೆ, ವಿಚಾರಮಾಡಲು ಉಳಿಯುವುದೇನು? ವಾದ ಅಲ್ಲಿಗೇ ನಿಲ್ಲಲಿಲ್ಲ. 1547ರಲ್ಲಿ ತ್ರಿದಪಾಲೆ, 1551ರಲ್ಲಿ ಪಿಕ್ಕೊಲೊಮಿನಿ ಇಟಾಲಿಯನ್ನಿನಲ್ಲೇ ತರ್ಕಗ್ರಂಥಗಳನ್ನು ಅಚ್ಚು ಹಾಕಿಸಿದರು.

ಅದೇ ಕಾಲಕ್ಕೆ ನಮ್ಮಲ್ಲಿ ವ್ಯಾಸತೀರ್ಥರಿದ್ದರು. ಬೆಳ್ಮಣ್ಣಿಗೆ ದೂರವಲ್ಲದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಪರಂಪರೆಯ ಮಹಾತಾರ್ಕಿಕರು, 1539ರಲ್ಲಿ ತೀರಿಕೊಂಡರು. ಅವರ 'ತರ್ಕತಾಂಡವ' ಸಂಸ್ಕೃತದಲ್ಲಿದೆ, ಹಾಡುಗಳು ಕನ್ನಡದಲ್ಲಿವೆ. ಒಬ್ಬರೇ ವ್ಯಕ್ತಿ, ಎರಡು ಭಾಷೆ, ಎರಡು ಬಗೆಯ ಓದುಗರು. ಅವರನ್ನು ದೂರಲಾರೆ, ಅವರ ಪ್ರತಿವಾದಿಗಳು ದೇಶದುದ್ದಕ್ಕೂ ಇದ್ದರು, ಅವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಹಾಡು ಕೇಳಿದವರಿಗೆ ಸಿದ್ಧಾಂತ ಸಿಕ್ಕಿತು, ಆ ಸಿದ್ಧಾಂತವನ್ನು ಪರೀಕ್ಷಿಸುವ ಸಲಕರಣೆ ಸಿಗಲಿಲ್ಲ.

ಕನ್ನಡದಲ್ಲಿ ಆಗದೆಂದಲ್ಲ. ನಿಜಗುಣ ಶಿವಯೋಗಿಗಳ 'ವಿವೇಕಚಿಂತಾಮಣಿ' ನಾನಾ ಶಾಸ್ತ್ರವಿಷಯಗಳನ್ನು ಕನ್ನಡ ಗದ್ಯದಲ್ಲೇ ವಿವರಿಸಿತು. ಹದಿನೇಳನೆಯ ಶತಮಾನದಲ್ಲಿ ಅದು ಮರಾಠಿಗೂ ಸಂಸ್ಕೃತಕ್ಕೂ ಅನುವಾದವಾಯಿತು. ಕನ್ನಡದಿಂದ ಸಂಸ್ಕೃತಕ್ಕೆ! ಬೆಳ್ಮಣ್ಣಿನ ನೆರೆಯೂರಾದ ನಂದಳಿಕೆಯ ಮುದ್ದಣನ ಮನೋರಮೆಯಂತೂ ಗಂಡನ ಕಥೆಯನ್ನು ಹೆಜ್ಜೆಹೆಜ್ಜೆಗೂ ತಡೆದು ಪ್ರಶ್ನಿಸಿದವಳು.

ಪಿಯುಸಿಯಲ್ಲಿ ತರ್ಕಶಾಸ್ತ್ರ ಐಚ್ಛಿಕ ವಿಷಯವಾಗಿದೆ, ಕನ್ನಡದಲ್ಲಿ ಪಠ್ಯವೂ ಇದೆ. ನಾನು ಓದಿದ ಪುಸ್ತಕದಲ್ಲಿ ಪುಟಪುಟಕ್ಕೂ ಸಾಕ್ರಟೀಸ್ ಸಾಯುತ್ತಿದ್ದ. ಎಲ್ಲ ಮನುಷ್ಯರೂ ಮರ್ತ್ಯರು ಎಂಬುದರಿಂದ ಅವನಿಗೆ ಬಿಡುಗಡೆಯೇ ಇರಲಿಲ್ಲ. ಪದಗಳು ಕನ್ನಡದವು, ವಾಕ್ಯಗಳು ಇಂಗ್ಲಿಷಿನವು. ವಾಲಿಯಾಗಲಿ, ಕೌರವನ ಎದುರು ಸಂಧಾನಕ್ಕೆ ಕುಳಿತ ಕೃಷ್ಣನಾಗಲಿ ಅದರೊಳಗೆ ಬಂದಿರಲಿಲ್ಲ.

ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ತಾಳಮದ್ದಳೆಯಲ್ಲಿ ಕಟ್ಟಿದ ವಾದಗಳು ಧ್ವನಿಮುದ್ರಣದಲ್ಲಿ ಉಳಿದಿವೆ. ತರ್ಕಶಾಸ್ತ್ರದ ಅಧ್ಯಾಪಕರೊಬ್ಬರು, ಅರ್ಥಧಾರಿಯೊಬ್ಬರು ಜೊತೆಗೆ ಕುಳಿತು ಅಂತಹ ಹತ್ತು ವಾದಗಳನ್ನು ಬರಹಕ್ಕಿಳಿಸಲಿ. ಪ್ರತಿಜ್ಞೆ ಯಾವುದು, ಹೇತು ಯಾವುದು, ಎದುರಾಳಿ ಎಲ್ಲಿ ಜಾರಿಕೊಂಡ ಎಂದು ಬದಿಯಲ್ಲಿ ಗುರುತು ಹಾಕಲಿ. ಮೊದಲ ಪ್ರತಿಯನ್ನು ನನ್ನ ಪಕ್ಕದಲ್ಲಿ ಕುಳಿತಿದ್ದ ಆ ಹಿರಿಯರಿಗೆ ತಲುಪಿಸುವ ಕೆಲಸ ನನ್ನದು.